ದೋಣಿಗಳನ್ನು ಹೊತ್ತ ಹಡಗು

ವೈಟ್‌ಫೀಲ್ಡ್‌ನಲ್ಲಿದ್ದುಕೊಂಡು ಹಡಗಿನ ಹುಚ್ಚು ಹಚ್ಚಿಕೊಂಡವರಿಗೆ ರೈಲ್ವೆ ಸ್ಟೇಷನ್ ಪಕ್ಕದ ಕಂಟೇನರ್ ಡಿಪೋನೇ ಬಂದರು. ಕಾಡುಗೋಡಿಯ ಟ್ರಾಫಿಕ್‌ನಲ್ಲಿ ಸ್ಕೂಟರ್ ಸಿಕ್ಕಿಕೊಂಡಾಗಲೆಲ್ಲ ಮುಂದಿನ ಟ್ರೈಲರ್ ಮೇಲಿನ ಡಬ್ಬದ ಬೆನ್ನು ಓದುತ್ತೇನೆ. ನಾಲ್ಕು ಅಕ್ಷರ, ಆರು ಅಂಕಿ, ಪಕ್ಕದ ಚೌಕದೊಳಗೆ ಒಂಟಿ ಅಂಕಿ. ಮೊದಲ ಮೂರು ಅಕ್ಷರ ಯಜಮಾನನ ಗುರುತು. ಚೌಕದ ಅಂಕಿಗೆ ಬೇರೆ ಕೆಲಸ: ಗುಮಾಸ್ತ ನಂಬರು ತಪ್ಪಾಗಿ ಬರೆದುಕೊಂಡರೆ ಲೆಕ್ಕ ತಾಳೆಯಾಗದಂತೆ ಮಾಡುವುದು.

ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಕಸ್ಟಮ್ಸ್ ತಪಾಸಣೆ ಇಲ್ಲೇ ಮುಗಿಸಿ, ಸೀಲ್ ಹಾಕಿ, ರೈಲಿಗೇರಿಸಿದರೆ ಚೆನ್ನೈ. ಡಬ್ಬ ಹೀಗೆ ಎಲ್ಲೆಡೆ ಗೆದ್ದುಬಿಡುವ ಮುಂಚೆ ಒಬ್ಬ ಬೇರೆಯೇ ದಾರಿ ಹುಡುಕಿದ್ದ. ನ್ಯೂ ಆರ್ಲಿಯನ್ಸ್‌ನ ಹಡಗು ವಿನ್ಯಾಸಕ ಜೆರೋಮ್ ಗೋಲ್ಡ್‌ಮನ್. ಡಬ್ಬವೇ ನೀರಿನಲ್ಲಿ ತೇಲಿದರೆ? ನದಿಯಲ್ಲಿ ಬಂದ ಬಾರ್ಜ್‌ಗಳನ್ನು, ಅಂದರೆ ಚಪ್ಪಟೆ ತಳದ ಸರಕು ದೋಣಿಗಳನ್ನು, ಸರಕಿನ ಸಮೇತ ಎತ್ತಿಕೊಂಡು ಸಾಗರ ದಾಟುವ 'ಲ್ಯಾಶ್' ಹಡಗು ಅವನದು. ಮೊದಲನೆಯದು, 'ಅಕಾಡಿಯಾ ಫಾರೆಸ್ಟ್', 1969ರಲ್ಲಿ ನೀರಿಗಿಳಿಯಿತು.

ನನಗೆ ಮೆಚ್ಚು ಅದರ ದಾಯಾದಿ 'ಸೀಬೀ'. 1972-73ರಲ್ಲಿ ಅಮೆರಿಕದ ಲೈಕ್ಸ್ ಹಡಗು ಕಂಪನಿಗೆ ಇಂಥ ಮೂರು ಹಡಗು ಕಟ್ಟಿದರು. ಇದಕ್ಕೆ ಕ್ರೇನಿಲ್ಲ, ಹಿಂಬದಿಯಲ್ಲಿ 2000 ಟನ್ ಎತ್ತುವ ಲಿಫ್ಟ್. ಅದು ಮೆಲ್ಲಗೆ ನೀರೊಳಗೆ ಮುಳುಗುತ್ತದೆ, ಟಗ್‌ಗಳು ಎರಡು ಬಾರ್ಜ್‌ಗಳನ್ನು ತಂದು ಮೇಲೆ ನಿಲ್ಲಿಸುತ್ತವೆ, ನೀರು ಸುರಿಸುತ್ತ ಎದ್ದ ಲಿಫ್ಟು ಅವನ್ನು ಡೆಕ್ಕಿನ ಮಟ್ಟಕ್ಕೆ ತರುತ್ತದೆ. ಒಂದೊಂದು ಬಾರ್ಜಿನಲ್ಲೂ ಸುಮಾರು 850 ಟನ್ ಸರಕು. ಒಂದು ಹಡಗಿನಲ್ಲಿ ಅಂಥವು 38!

ಚಂದವೇನೋ ಚಂದ, ವ್ಯಾಪಾರ ಮಾತ್ರ ಕೈಕೊಟ್ಟಿತು. ಬಾರ್ಜಿಗೆ ಎರಡೂ ತುದಿಯಲ್ಲಿ ದೊಡ್ಡ ನದಿ ಬೇಕು. ಮಿಸಿಸಿಪ್ಪಿ ಸರಿ, ನಮ್ಮ ದಕ್ಷಿಣ ಪಿನಾಕಿನಿಯಲ್ಲಿ ತೇಲಿಸಿ ನೋಡಿ. ಡಬ್ಬಕ್ಕಾದರೆ ರಸ್ತೆ ಸಾಕು, ಹಳಿ ಸಾಕು.

1980ರ ದಶಕದಲ್ಲಿ ಅಮೆರಿಕ ಸರ್ಕಾರ ಆ ಮೂರು ಸೀಬೀಗಳನ್ನೂ ಕೊಂಡು ಕೇಪ್ ಮೇ, ಕೇಪ್ ಮೆಂಡೊಸಿನೊ, ಕೇಪ್ ಮೊಹಿಕನ್ ಎಂದು ಹೆಸರು ಬದಲಿಸಿ ಮೀಸಲು ಪಡೆಗೆ ಸೇರಿಸಿತು. ವ್ಯಾಪಾರಿಗೆ ಬೇಡವಾದ ಗುಣವೇ ಸೈನ್ಯಕ್ಕೆ ಬೇಕಿತ್ತು: ಕಟ್ಟೆಯಿಲ್ಲದ ತೀರದಲ್ಲೂ ಸಣ್ಣ ನಾವೆಗಳನ್ನು ಇಳಿಸಬಲ್ಲ ಲಿಫ್ಟು. ಹಾಗಾಗಿ ಬೆರಳೆಣಿಕೆಯ ಸಿಬ್ಬಂದಿ, ಎಣ್ಣೆ ಹಚ್ಚಿಟ್ಟ ಯಂತ್ರ, ಕರೆ ಬಂದರೆ ಕೆಲವೇ ದಿನಗಳಲ್ಲಿ ಹೊರಡುವ ಸಿದ್ಧತೆ, ಉಳಿದಂತೆ ಕಾಯುವುದೇ ಅವುಗಳ ಕೆಲಸವಾಯಿತು. ಸುಮ್ಮನೆ ನಿಂತ ಹಡಗೂ ಅಪಾಯವೇ ಅನ್ನಿ. 1996ರ ಅಕ್ಟೋಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದುರಸ್ತಿಗೆ ನಿಂತಿದ್ದ ಕೇಪ್ ಮೊಹಿಕನ್‌ನಿಂದ ಸುಮಾರು 3.6 ಲಕ್ಷ ಲೀಟರ್ ಇಂಧನ ತೈಲ ಸೋರಿತು. ಅದರಲ್ಲಿ 1.5 ಲಕ್ಷ ಲೀಟರ್ ಕೊಲ್ಲಿ ಸೇರಿತು.

ಮೊನ್ನೆ ಟೀ ಅಂಗಡಿಯಲ್ಲಿ ಟ್ರೈಲರ್ ಡ್ರೈವರ್ ಒಬ್ಬರಿಗೆ ಇದನ್ನೆಲ್ಲ ಹೇಳಿದೆ. ಬಾರ್ಜಿನ ಉದ್ದ ಕೇಳಿದರು. ಹತ್ತಿರಹತ್ತಿರ ನೂರಡಿ ಎಂದೆ. ಲೋಟ ಕೆಳಗಿಟ್ಟು ಕೊಂಚ ಯೋಚಿಸಿದರು.

"ಹೋಪ್ ಫಾರ್ಮ್ ಸರ್ಕಲ್ ಹತ್ರ ತಿರುಗಿಸೋದು ಹೆಂಗೆ ಸಾರ್?"