'ಟಾಪ್ ಹ್ಯಾಟ್' ಚಿತ್ರದಲ್ಲಿ ಭ್ರಾಂತಿ ಮತ್ತು ನೃತ್ಯ

ಶೃಂಗಾರವನ್ನು ಅಂಗಿಯಾಗಿಯೂ ಹಾಸ್ಯವನ್ನು ಅಂಗವಾಗಿಯೂ ಉಳ್ಳ ಗೀತನೃತ್ಯಪ್ರಧಾನವಾದ ಚಲಚ್ಚಿತ್ರಗಳಲ್ಲಿ 1935ರ 'ಟಾಪ್ ಹ್ಯಾಟ್' ಎಂಬ ಅಮೆರಿಕದ ಚಿತ್ರವು ಪ್ರಸಿದ್ಧವಾದುದು. ನಿರ್ದೇಶಕನು ಮಾರ್ಕ್ ಸ್ಯಾಂಡ್ರಿಚ್. ಗೀತಗಳನ್ನು ರಚಿಸಿದವನು ಅರ್ವಿಂಗ್ ಬರ್ಲಿನ್. ನಾಯಕ ಜೆರಿಯ ಪಾತ್ರವು ಫ್ರೆಡ್ ಅಸ್ಟೇರನದು, ನಾಯಿಕೆ ಡೇಲಳ ಪಾತ್ರವು ಜಿಂಜರ್ ರೋಜರ್ಸಳದು. ಕಥೆ ದುರ್ಬಲವೆಂದು ಚಿತ್ರವನ್ನು ತಳ್ಳಿಬಿಡುವುದೂ, ನೃತ್ಯವು ಸೊಗಸೆಂದು ಕಥೆಯನ್ನು ಮರೆತುಬಿಡುವುದೂ ಸುಲಭ. ಇವೆರಡಕ್ಕೂ ಇರುವ ಸಂಬಂಧವೇನೆಂಬುದು ವಿಚಾರಣೀಯವಾಗಿದೆ.

ಕಥೆಯ ಬೀಜವು ಒಂದು ಭ್ರಾಂತಿ. ಜೆರಿಯೇ ತನ್ನ ಗೆಳತಿ ಮ್ಯಾಜಳ ಗಂಡನಾದ ಹೊರೇಸನೆಂದು ಡೇಲಳು ತಿಳಿಯುತ್ತಾಳೆ. ಈ ಭ್ರಾಂತಿಯ ಉತ್ಪತ್ತಿಯಲ್ಲಿ ದೋಷವಿಲ್ಲ. ಲಂಡನ್ನಿನ ಹೋಟೆಲಿನಲ್ಲಿ, ಕೈಚೀಲವನ್ನೂ ಬೆತ್ತವನ್ನೂ ಹಿಡಿದವನೇ ಹೊರೇಸನೆಂದು ಅವಳಿಗೆ ಗುರುತು ಹೇಳುತ್ತಾರೆ. ಅವಳು ನೋಡುವಷ್ಟರಲ್ಲಿ ಅವು ಜೆರಿಯ ಕೈ ಸೇರಿರುತ್ತವೆ. ದೋಷವಿರುವುದು ಭ್ರಾಂತಿಯ ಸ್ಥಿತಿಯಲ್ಲಿ. ಹೆಸರೊಂದನ್ನು ಉಚ್ಚರಿಸಿದರೆ ಕರಗಬೇಕಾದ ಸಂಶಯವು ವೆನಿಸ್ಸಿನವರೆಗೂ ಬೆಳೆಯುತ್ತದೆ. ಉಚ್ಚರಿಸದಂತೆ ತಡೆಯುವುದು ಪಾತ್ರಗಳ ಸ್ವಭಾವವಲ್ಲ, ಕಥಾಕಾರನ ಅಗತ್ಯ. ಹರ್ಷನ 'ರತ್ನಾವಳಿ'ಯಲ್ಲಿಯೂ ಉದಯನನು ವಾಸವದತ್ತೆಯನ್ನೇ ಸಾಗರಿಕೆಯೆಂದು ಬಗೆದು ಪ್ರೇಮವನ್ನು ನಿವೇದಿಸುತ್ತಾನೆ. ಆದರೆ ಅಲ್ಲಿ ವೇಷದ ಸಂಚನ್ನು ಹೂಡಿದವರು ವಿದೂಷಕನೂ ಸುಸಂಗತೆಯೂ. ಅದನ್ನರಿತು ಮುಂದಾಗಿ ಬಂದವಳು ರಾಣಿಯೇ. ಭ್ರಾಂತಿಯು ಪಾತ್ರಗಳ ವ್ಯಾಪಾರದಿಂದ ಹುಟ್ಟಿ, ಕೂಡಲೇ ಫಲವನ್ನಿತ್ತು ಅಳಿಯುತ್ತದೆ.

ಹೀಗಿದ್ದರೂ ಚಿತ್ರವು ಮನಸ್ಸನ್ನು ಸೆಳೆಯುವುದೇಕೆ? ಮಾತು ಮುಚ್ಚಿಟ್ಟುದನ್ನು ನೃತ್ಯವು ಹೇಳುವುದರಿಂದ. ಭ್ರಾಂತಿ ಹುಟ್ಟುವ ಮೊದಲು, ಮಳೆಯಲ್ಲಿ, ಉದ್ಯಾನದ ಮಂಟಪದೊಳಗೆ ಡೇಲಳು ಜೆರಿಯ ಹೆಜ್ಜೆಗಳನ್ನು ಅಣಕಿಸುತ್ತ ತೊಡಗಿ, ಬರಬರುತ್ತ ಅವುಗಳಿಗೆ ಎದುರುಹೆಜ್ಜೆ ಹಾಕುತ್ತಾಳೆ. ಕೊನೆಗೆ ಇಬ್ಬರೂ ಸಮಾನರಂತೆ ಕೈ ಕುಲುಕುತ್ತಾರೆ. ಅನುರಾಗದ ಅಂಕುರಕ್ಕೆ ಸಂಭಾಷಣೆಯೇ ಬೇಕಾಗಿಲ್ಲ. ವೆನಿಸ್ಸಿನಲ್ಲಿ ಮತ್ತೆ ಕುಣಿಯುವಾಗ ಅವನು ಗೆಳತಿಯ ಗಂಡನೆಂದೇ ಅವಳ ನಂಬಿಕೆ. ಆ ಗೆಳತಿಯೇ ಇನ್ನೂ ಸಮೀಪಿಸಿರೆಂದು ಸನ್ನೆಮಾಡುತ್ತಾಳೆ. ಪ್ರೇಕ್ಷಕನಿಗೆ ಹಾಸ್ಯ, ನಾಯಿಕೆಗೆ ಧರ್ಮಸಂಕಟ. ಹೃದಯವು ಒಪ್ಪಿದುದನ್ನು ಬುದ್ಧಿಯು ಒಪ್ಪದು; ನೃತ್ಯ ಮುಗಿದು ಅವನು ವಿವಾಹದ ಮಾತನ್ನೆತ್ತಿದೊಡನೆ ಅವನ ಕೆನ್ನೆಗೆ ಏಟು ಬೀಳುತ್ತದೆ. ಇಲ್ಲಿ ಭ್ರಾಂತಿಯು ನಿಜವಾಗಿ ರಸಪೋಷಕವಾಗಿದೆ.

ಅನಂತರದ ಕಥೆ ಸಡಿಲ. ಡೇಲಳು ಕೋಪದಿಂದ ಇಟಲಿಯ ಉಡುಪುಗಾರ ಬೆಡ್ಡಿನಿಯನ್ನು ವರಿಸುವುದು, ಮದುವೆ ಮಾಡಿಸಿದ ಪಾದ್ರಿಯು ಹೊರೇಸನ ವೇಷಧಾರಿ ಸೇವಕನೆಂದು ತಿಳಿದು ಅದು ಅಸಿಂಧುವಾಗುವುದು, ಇವು ನಿರ್ವಹಣವಲ್ಲ, ನುಣುಚಿಕೊಳ್ಳುವಿಕೆ. ಬೆಡ್ಡಿನಿಯ ಉಚ್ಚಾರವನ್ನು ಮತ್ತೆ ಮತ್ತೆ ನಗೆಗೀಡುಮಾಡಿರುವುದೂ ಉಚಿತವಲ್ಲ. ವಿಕೃತವೇಷ, ಅಸತ್ಪ್ರಲಾಪಗಳನ್ನು ಭರತನು ಹಾಸ್ಯದ ವಿಭಾವಗಳಲ್ಲಿ ಎಣಿಸಿರುವುದು ನಿಜ. ಪರದೇಶೀಯನಾಗಿರುವುದನ್ನೇ ವಿಕೃತಿಯೆಂದು ಎಣಿಸಿದರೆ ಆ ನಗೆ ಬೇಗನೆ ಬತ್ತುತ್ತದೆ.

ಆದುದರಿಂದ ಈ ಚಿತ್ರದ ಗುಣವೂ ದೋಷವೂ ಒಂದೇ ಮೂಲದಿಂದ ಬಂದಿವೆಯೆನ್ನಬೇಕು. ಭ್ರಾಂತಿಯು ನೃತ್ಯದೊಳಗೆ ಭಾವಸಂಘರ್ಷವಾದಾಗ ಸಹೃದಯನು ತಲೆದೂಗುತ್ತಾನೆ. ಬರಿಯ ಮಾತಿನಲ್ಲಿ ಅದನ್ನು ಎಳೆದಾಗ ಬೇಸರಗೊಳ್ಳುತ್ತಾನೆ.