ಜಾನ್ ಕ್ವಿನ್ಸಿ ಆಡಮ್ಸನ ರಾಜಕೀಯ ಜೀವನ: ಒಂದು ವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆರನೆಯ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸನ (1767–1848) ಜೀವನವನ್ನು ಚರಿತ್ರಕಾರರು ಸಾಮಾನ್ಯವಾಗಿ ಮೂರು ಘಟ್ಟಗಳಲ್ಲಿ ನಿರೂಪಿಸುವುದುಂಟು: ಮೊದಲು ಸಮರ್ಥನಾದ ರಾಜನೀತಿಜ್ಞ, ಬಳಿಕ ವಿಫಲನಾದ ಅಧ್ಯಕ್ಷ, ಕೊನೆಗೆ ಗುಲಾಮಗಿರಿಯ ಪಕ್ಷವನ್ನು ಎದುರಿಸಿದ ವೃದ್ಧ ಧೀರ. ಸ್ಯಾಮ್ಯುಯೆಲ್ ಫ್ಲ್ಯಾಗ್ ಬೀಮಿಸರು 1949 ಮತ್ತು 1956ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಜೀವನಚರಿತ್ರೆಯಲ್ಲಿ ಮೊದಲನೆಯದು ವಿದೇಶಾಂಗ ನೀತಿಗೂ, ಎರಡನೆಯದು ಮುಖ್ಯವಾಗಿ ಅಧ್ಯಕ್ಷತೆ ಮತ್ತು ಕಾಂಗ್ರೆಸ್ಸಿನ ಸೇವೆಗೂ ಮೀಸಲಾಗಿವೆ. ಬೋಧನೆಗೆ ಇಂತಹ ವಿಭಾಗವು ಅನುಕೂಲವೇ ಸರಿ. ಆದರೆ ಇದರಿಂದ ಕೊನೆಯ ಘಟ್ಟದ ಕೀರ್ತಿಯು ಮೊದಲಿನ ಘಟ್ಟಗಳ ಹೊಣೆಯನ್ನು ಮರೆಸಿಬಿಡುವುದೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಆಧಾರವು ಆಡಮ್ಸನ ದಿನಚರಿಯಲ್ಲೇ ಇದೆ. 1779ರಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ, ಆರಂಭಿಸಿದ ಈ ದಿನಚರಿಯು 51 ಸಂಪುಟಗಳಷ್ಟು ಬೆಳೆಯಿತು. 1820ರಲ್ಲಿ ಮಿಸ್ಸೂರಿ ಪ್ರಾಂತವನ್ನು ಗುಲಾಮಗಿರಿಯುಳ್ಳ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಪ್ರಶ್ನೆ ಎದ್ದಾಗ ಆತನು ಅಧ್ಯಕ್ಷ ಮನ್ರೋವಿನ ವಿದೇಶಾಂಗ ಕಾರ್ಯದರ್ಶಿ. ಗುಲಾಮಗಿರಿಯನ್ನು ದಿನಚರಿಯಲ್ಲಿ ಕಠಿಣವಾಗಿ ಖಂಡಿಸಿದನು. ಈ ಪ್ರಶ್ನೆಯಿಂದ ಒಕ್ಕೂಟವೇ ಒಡೆಯಬಹುದೆಂದೂ ಆಲೋಚಿಸಿದನು. ಆದರೂ ಸಂವಿಧಾನದ ಮಿತಿಯೊಳಗೆ ಅಷ್ಟೇ ಸಾಧ್ಯವೆಂದು ಬಗೆದು ರಾಜಿಯನ್ನು ಬೆಂಬಲಿಸಿದನು. ಆತನ ಮಗನು ದಿನಚರಿಯ ಆಯ್ದ ಭಾಗಗಳನ್ನು ಅಚ್ಚುಮಾಡಿಸಿದುದು 1874–77ರಲ್ಲಿ. ಅಷ್ಟರಲ್ಲಿ ಅಂತರ್ಯುದ್ಧವೇ ಮುಗಿದುಹೋಗಿತ್ತು.

1824ರ ಚುನಾವಣೆಯಲ್ಲಿ ಜಾಕ್ಸನನಿಗೆ 99, ಆಡಮ್ಸನಿಗೆ 84 ಚುನಾಯಕ ಮತಗಳು ಬಂದವು. ಯಾರಿಗೂ ಬಹುಮತವಿಲ್ಲದುದರಿಂದ ಪ್ರತಿನಿಧಿ ಸಭೆಯು ಕ್ಲೇಯ ಬೆಂಬಲದೊಡನೆ ಆಡಮ್ಸನನ್ನು ಆರಿಸಿತು. ಕ್ಲೇಯನ್ನು ವಿದೇಶಾಂಗ ಕಾರ್ಯದರ್ಶಿಯನ್ನಾಗಿ ನೇಮಿಸಿದುದು ದೊಡ್ಡ ಅಪವಾದಕ್ಕೆ ಕಾರಣವಾಯಿತು. ರಸ್ತೆ, ಕಾಲುವೆ, ರಾಷ್ಟ್ರೀಯ ವಿಶ್ವವಿದ್ಯಾನಿಲಯ, ಖಗೋಳ ವೀಕ್ಷಣಾಲಯ ಮೊದಲಾದ ಯೋಜನೆಗಳಲ್ಲಿ ಬಹುಭಾಗಕ್ಕೆ ಕಾಂಗ್ರೆಸ್ಸಿನ ಬೆಂಬಲ ದೊರೆಯಲಿಲ್ಲ. ವಿಫಲತೆಯ ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಗಹನವಾದ ಸಂಗತಿ ಟೆಕ್ಸಾಸಿನದು. ಆಡಮ್ಸನ ಸರ್ಕಾರವು 1825ರಲ್ಲಿಯೂ 1827ರಲ್ಲಿಯೂ ಅದನ್ನು ಮೆಕ್ಸಿಕೋವಿನಿಂದ ಕೊಳ್ಳಲು ಪ್ರಯತ್ನಿಸಿತು. ಅಲ್ಲಿಗೆ ಅಮೆರಿಕದ ವಲಸೆಗಾರರು ಆಗಲೇ ಗುಲಾಮರೊಡನೆ ಹೋಗಿ ನೆಲಸುತ್ತಿದ್ದರು. 1838ರಲ್ಲಿ ಅದೇ ಟೆಕ್ಸಾಸಿನ ಸೇರ್ಪಡೆಯನ್ನು ವಿರೋಧಿಸಿ ಇದೇ ಆಡಮ್ಸನು ಪ್ರತಿನಿಧಿ ಸಭೆಯಲ್ಲಿ ಸುಮಾರು ಮೂರು ವಾರಗಳ ಕಾಲ ಭಾಷಣವನ್ನು ಮುಂದುವರಿಸಿದನು.

ಈ ನಡುವೆ ಮೆಕ್ಸಿಕೋ 1829ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿತ್ತು. 1836ರಲ್ಲಿ ಸ್ವತಂತ್ರವಾದ ಟೆಕ್ಸಾಸ್ ಅದಕ್ಕೆ ಮತ್ತೆ ಶಾಸನದ ಮನ್ನಣೆ ನೀಡಿತ್ತು. ಪರಿಸ್ಥಿತಿಯೇ ಬದಲಾಗಿತ್ತೆಂಬ ಸಮಾಧಾನದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆಡಮ್ಸನ ಸ್ಥಾನವೂ ಬದಲಾಗಿತ್ತೆಂಬುದನ್ನು ಗಮನಿಸಬೇಕು. 1831ರಿಂದ ಆತನು ಮ್ಯಾಸಚೂಸೆಟ್ಸಿನ ಒಂದು ಕ್ಷೇತ್ರದ ಪ್ರತಿನಿಧಿ. ದಕ್ಷಿಣದ ಮತಗಳ ಅಗತ್ಯ ಇನ್ನಿರಲಿಲ್ಲ. ಗುಲಾಮಗಿರಿಯನ್ನು ಕುರಿತ ಮನವಿಗಳನ್ನು ಚರ್ಚೆಯಿಲ್ಲದೆ ಬದಿಗಿಡುವಂತೆ 1836ರಲ್ಲಿ ಸಭೆಯು ಮಾಡಿದ ನಿಯಮವನ್ನು ಎಂಟು ವರ್ಷ ಎದುರಿಸಿ, 1844ರಲ್ಲಿ ರದ್ದುಮಾಡಿಸಿದನು. 1841ರಲ್ಲಿ ಆಮಿಸ್ಟಾಡ್ ಹಡಗಿನ ಆಫ್ರಿಕನರ ಪರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದನು. ಅವರಿಗೆ ಬಿಡುಗಡೆ ದೊರೆಯಿತು.

ಈ ಸೇವೆಯನ್ನು ಕಿರಿದುಮಾಡುವುದು ನಮ್ಮ ಉದ್ದೇಶವಲ್ಲ. 1820ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 15 ಲಕ್ಷ 38 ಸಾವಿರ; 1830ರಲ್ಲಿ ಸುಮಾರು 20 ಲಕ್ಷ 9 ಸಾವಿರ. ಆಡಮ್ಸನು ಉನ್ನತ ಅಧಿಕಾರದಲ್ಲಿದ್ದ ಕಾಲದ ಬಹುಭಾಗ ಈ ದಶಕದಲ್ಲೇ ಕಳೆಯಿತು. ಆತನೊಬ್ಬನ ಮಾತಿನಿಂದ ಈ ಏರಿಕೆ ನಿಲ್ಲುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ದಿನಚರಿಯ ಖಂಡನೆಯನ್ನು ಬಹಿರಂಗ ಕಾರ್ಯಕ್ಕೆ ಸಮನಾಗಿ ಆತನ ಲೆಕ್ಕಕ್ಕೆ ಜಮೆ ಮಾಡುವುದು ನ್ಯಾಯವಲ್ಲ. ಆತನ ನಂಬಿಕೆ ಮೊದಲಿನಿಂದಲೂ ಒಂದೇ ಆಗಿತ್ತೆಂದು ದಿನಚರಿಯು ತೋರಿಸಿಕೊಟ್ಟಷ್ಟೂ, ಅಧಿಕಾರಕಾಲದ ಮೌನಕ್ಕೆ ಆತನ ಹೊಣೆ ಹೆಚ್ಚುತ್ತದೆ. ರಾಜಕಾರಣಿಗಳ ಖಾಸಗಿ ಬರಹಗಳನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಗಳು ಈ ಭೇದವನ್ನು ಮರೆಯಬಾರದು.