ಸರಳೆ ವರಸೆಯ ಜಾಣ್ಮೆ

ಸಂಗೀತ ಪಾಠ ಶುರುವಾದೊಡನೆ ಸಿಗುವ ಸರಳೆ ವರಸೆಯನ್ನು ಬೇಗ ಮುಗಿಸಿ ಕೀರ್ತನೆಗೆ ಹಾರುವ ಆತುರ ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೇ ಹೆಚ್ಚು. ಪುರಂದರದಾಸರು ರೂಪಿಸಿದರೆಂದು ಪರಂಪರೆ ನಂಬುವ ಈ ಅಭ್ಯಾಸದ ರಚನೆ ನೋಡಿ. ರಾಗ ಮಾಯಾಮಾಳವಗೌಳ: ಸರಿಗಮದಲ್ಲಿರುವ ಅಂತರಗಳೇ ಪದನಿಸದಲ್ಲೂ ಇವೆ, ಅರ್ಧ ಕಲಿತರೆ ಉಳಿದರ್ಧಕ್ಕೆ ಕಿವಿ ಸಿದ್ಧ. ಒಂದನೇ ಕಾಲದಲ್ಲಿ, ಅಂದರೆ ಮೊದಲ ವೇಗದಲ್ಲಿ, ಆದಿತಾಳದ ಒಂದೊಂದು ಎಣಿಕೆಗೆ 1 ಸ್ವರ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 4. ಸ್ವರ ಓಡುತ್ತದೆ, ತೊಡೆ ತಟ್ಟುವ ಕೈ ಮಾತ್ರ ಓಡುವುದಿಲ್ಲ. ವೇದಿಕೆಯಲ್ಲಿ ಎದೆ ಡವಗುಟ್ಟಿದಾಗ ಹಾಡು ತಾನಾಗಿ ಓಡತೊಡಗುತ್ತದೆ. ಆಗ ಕಾಪಾಡುವುದು ಆ ಕೈಯ ನಿಧಾನವೇ. ತೊಡರಿದ ಕಡೆ ಕಾಲ ಇಳಿಸಿ, ಹದವಾದ ಮೇಲೆ ಏರಿಸುವ ದಾರಿಯೂ ಇದರಲ್ಲೇ ಇದೆ. ವರ್ಷಗಟ್ಟಲೆ ಕಲಿತವರೂ ಬೆಳಗಿನ ಸಾಧಕವನ್ನು ಇದರಿಂದಲೇ ಆರಂಭಿಸಲಿ.